ದಿನಕ್ಕೆ 15 ನಿಮಿಷದ ಓಟ: ಚಿಕ್ಕ ಅಂಗಳದ ಶಾಲೆಯಲ್ಲಿ ಹೇಗೆ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿ. 1ರಿಂದ 7ನೇ ತರಗತಿವರೆಗೆ 112 ಮಕ್ಕಳು, ನಾಲ್ವರು ಶಿಕ್ಷಕರು. ದೈಹಿಕ ಶಿಕ್ಷಕರಿಲ್ಲ. ಕಾಂಪೌಂಡಿನೊಳಗಿನ ಅಂಗಳ 30 ಮೀಟರ್ ಉದ್ದ, 22 ಮೀಟರ್ ಅಗಲ, ಅಷ್ಟೇ. ಮಕ್ಕಳನ್ನು ದಿನಾ ಸ್ವಲ್ಪ ಹೊತ್ತು ಓಡಿಸಬೇಕೆಂಬ ಆಸೆಯಿದೆ. ಆದರೆ ಕಳೆದ ವರ್ಷ ಪ್ರಾರ್ಥನೆಯ ಸಾಲಿನಲ್ಲೇ ಒಬ್ಬ ಹುಡುಗಿ ತಲೆಸುತ್ತಿ ಬಿದ್ದಿದ್ದಳು, ಅಂದಿನಿಂದ ಭಯ. ಪಾಲಕರು "ಓದ್ಸಾಕ ಕಳಿಸೀವಿ, ಓಡ್ಸಾಕ ಅಲ್ಲ" ಅನ್ನುತ್ತಾರೆ. ಎಲ್ಲಿಂದ ಶುರುಮಾಡಲಿ?

ಉತ್ತರ: ನಮಸ್ಕಾರ ಮೇಡಂ. ಮೊದಲು ಆ ಹುಡುಗಿಯ ವಿಷಯ ಹೇಳುತ್ತೇನೆ, ಏಕೆಂದರೆ ಆ ಭಯ ಹೋಗದೆ ನೀವು ಮುಂದೆ ಹೆಜ್ಜೆ ಇಡುವುದಿಲ್ಲ.

ಅಲುಗಾಡದೆ ನಿಂತಾಗ ರಕ್ತ ಕಾಲುಗಳಲ್ಲಿ ಇಳಿದು ನಿಲ್ಲುತ್ತದೆ. ಅದನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯುಗಳು. ಕಾಲು ಆಡದಿದ್ದರೆ ಅವು ಕೆಲಸ ಮಾಡುವುದಿಲ್ಲ. ಜೊತೆಗೆ ಬೆಳಗ್ಗೆ ಏನೂ ತಿಂದಿಲ್ಲ, ಬಿಸಿಲು ನೆತ್ತಿಗೆ ಹೊಡೆಯುತ್ತಿದೆ ಅಂದರೆ ಮೆದುಳಿಗೆ ಹೋಗುವ ರಕ್ತ ಕ್ಷಣಕಾಲ ಕಡಿಮೆಯಾಗಿ ಮಗು ಕುಸಿಯುತ್ತದೆ. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದರೆ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತದೆ. ನಿಮ್ಮ ಶಾಲೆಯಲ್ಲಿ ಆದದ್ದು ಬಹುಮಟ್ಟಿಗೆ ಇದೇ ಇರಬೇಕು. ಇದು ಓಡಬಾರದೆಂಬುದಕ್ಕೆ ಕಾರಣವಲ್ಲ. ಬರಿಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಿಸಬಾರದೆಂಬುದಕ್ಕೆ ಕಾರಣ.

ಓಡುತ್ತಿರುವಾಗಲೇ ಎಚ್ಚರ ತಪ್ಪಿ ಬೀಳುವುದು ಮಾತ್ರ ಸಂಪೂರ್ಣ ಬೇರೆ ವಿಷಯ. ಓಡುವಾಗ ಬಿದ್ದ ಮಗು, ಓಡುವಾಗ ಎದೆನೋವು ಅನ್ನುವ ಮಗು, ಜೊತೆಯವರು ಆರಾಮಾಗಿ ನಡೆಯುತ್ತಿರುವಾಗಲೂ ಏದುಸಿರು ಬಿಡುವ ಮಗು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡಿರುವ ಮಗು: ಇವರಲ್ಲಿ ಯಾರನ್ನೂ ವೈದ್ಯರು ಹೃದಯ ಪರೀಕ್ಷಿಸಿ ಒಪ್ಪುವವರೆಗೆ ಓಡಿಸಬೇಡಿ. ಗಂಟಲುನೋವು ಬಂದುಹೋದ ಕೆಲವು ವಾರಗಳಲ್ಲಿ ಕೀಲುಗಳು ಒಂದಾದ ಮೇಲೊಂದು ಊದಿದ್ದರೆ ಅದೂ ಇದೇ ಪಟ್ಟಿಗೆ ಸೇರುತ್ತದೆ. ಅದು ಸಂಧಿವಾತ ಜ್ವರ ಇರಬಹುದು, ಆ ಜ್ವರ ಹೃದಯದ ಕವಾಟವನ್ನು ಕೆಡಿಸಬಹುದು. ಶಾಲೆಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ಹುಟ್ಟಿನಿಂದ ಬಂದ ಹೃದಯದೋಷ, ಸಂಧಿವಾತದ ಹೃದ್ರೋಗ, ಉಬ್ಬಸ ಎಲ್ಲವನ್ನೂ ನೋಡಬೇಕಾದ ತಂಡವೇ. ಅವರು ಬರುವ ದಿನ ಈ ಮಕ್ಕಳ ಹೆಸರನ್ನು ನೀವೇ ಬರೆದು ಕೈಗೆ ಕೊಡಿ. ನೂರು ಮಕ್ಕಳ ಸಾಲಿನಲ್ಲಿ ಇಂಥದ್ದು ಕಣ್ತಪ್ಪಿ ಹೋಗುತ್ತದೆ.

ಈಗ ಓಟಕ್ಕೆ ಬರೋಣ. ನೀವು ಕೇಳುತ್ತಿರುವುದು ಹೊಸದೇನಲ್ಲ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಊರಿನ ಸೇಂಟ್ ನಿನಿಯನ್ಸ್ ಪ್ರಾಥಮಿಕ ಶಾಲೆಯಲ್ಲಿ 2012ರ ಫೆಬ್ರವರಿಯಲ್ಲಿ ಮುಖ್ಯಶಿಕ್ಷಕಿ ಇಲೇನ್ ವೈಲಿ ಇದನ್ನು ಆರಂಭಿಸಿದರು. ವ್ಯಾಯಾಮದ ತರಗತಿಯ ವಾರ್ಮ್ ಅಪ್‌ಗೇ ಮಕ್ಕಳು ಸುಸ್ತಾಗುತ್ತಿದ್ದರು. ದಿನಕ್ಕೆ 15 ನಿಮಿಷ, ಹಾಕಿಕೊಂಡ ಬಟ್ಟೆಯಲ್ಲೇ, ಓಡುವವರು ಓಡಲಿ, ನಡೆಯುವವರು ನಡೆಯಲಿ ಎಂದು ಹೊರಗೆ ಬಿಟ್ಟರು. ಹೆಚ್ಚಿನ ಮಕ್ಕಳು ಅಷ್ಟು ಹೊತ್ತಿನಲ್ಲಿ ಸುಮಾರು ಒಂದು ಮೈಲಿ, ಅಂದರೆ 1.6 ಕಿ.ಮೀ. ಮುಗಿಸುವುದರಿಂದ ಅದಕ್ಕೆ ‘ಡೈಲಿ ಮೈಲ್’ ಎಂದೇ ಹೆಸರಾಯಿತು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ಓಡುವ ಶಾಲೆಯನ್ನೂ ಓಡದ ಶಾಲೆಯನ್ನೂ ಹೋಲಿಸಿತು. ಓಡುವ ಶಾಲೆಯ ಮಕ್ಕಳಲ್ಲಿ ಮೈಬೆವರುವಂಥ ಚಟುವಟಿಕೆ ದಿನಕ್ಕೆ ಸುಮಾರು 9 ನಿಮಿಷ ಹೆಚ್ಚಿತ್ತು, ಅತ್ತಿಂದಿತ್ತ ಓಡುವ ಶಟಲ್ ಪರೀಕ್ಷೆಯಲ್ಲಿ ಸುಮಾರು 39 ಮೀಟರ್ ಹೆಚ್ಚಿಗೆ ಓಡಿದರು. ಬರ್ಮಿಂಗ್‌ಹ್ಯಾಮಿನ 40 ಶಾಲೆಗಳಲ್ಲಿ ಒಂದು ವರ್ಷ ನೋಡಿದಾಗ ಮಾತ್ರ ಒಟ್ಟಾರೆ ದೇಹತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಪಾಲಕರಿಗೆ "ತೂಕ ಇಳಿಯುತ್ತದೆ" ಎಂಬ ಮಾತು ಕೊಡಬೇಡಿ. ನಿಮ್ಮ ಊರಿನ ಬಹಳ ಮಕ್ಕಳಿಗೆ ಇಳಿಸುವಷ್ಟು ತೂಕವೂ ಇರುವುದಿಲ್ಲ. ದಮ್ಮು ಹೆಚ್ಚುತ್ತದೆ, ಕಾಲು ಗಟ್ಟಿಯಾಗುತ್ತದೆ ಅನ್ನಿ, ಅದು ನಿಜ.

ಇದರಲ್ಲಿ ನಮ್ಮ ಶಾಲೆಗಳಿಗೆ ಹೇಳಿ ಮಾಡಿಸಿದಂಥ ಅಂಶ ಒಂದಿದೆ. ಇದನ್ನು ನಡೆಸುವುದು ತರಗತಿಯ ಶಿಕ್ಷಕರೇ. ಪಿ.ಟಿ. ಮೇಷ್ಟ್ರು ಬೇಕಿಲ್ಲ, ಸಲಕರಣೆ ಬೇಕಿಲ್ಲ, ಸೀಟಿ ಒಂದಿದ್ದರೆ ಸಾಕು.

ನಿಮ್ಮ ಅಂಗಳವೂ ಸಾಕು. ಲೆಕ್ಕ ನೋಡಿ. ಗೋಡೆಯಿಂದ 1 ಮೀಟರ್ ಖಾಲಿ ಬಿಡಿ, ನಂತರ 2 ಮೀಟರ್ ಅಗಲದ ದಾರಿ. ಅಂದರೆ ಒಳಗಿನ ಗೆರೆ ಎಲ್ಲ ಗೋಡೆಗಳಿಂದ 3 ಮೀಟರ್ ದೂರದಲ್ಲಿ ಬರುತ್ತದೆ. 24 ಮೀಟರ್ ಉದ್ದ, 16 ಮೀಟರ್ ಅಗಲ, ಸುತ್ತಳತೆ 80 ಮೀಟರ್. ನಾಲ್ಕು ಮೂಲೆಗಳನ್ನು ಹಾಗೇ ಚೌಕ ಬಿಡಬೇಡಿ. ಚೌಕ ಮೂಲೆಯಲ್ಲಿ ಮಗು ಓಟ ತಡೆದು ಗಕ್ಕನೆ ತಿರುಗಬೇಕು, ಕಾಲು ಜಾರುತ್ತದೆ, ಹಿಂದಿನವನು ಬಂದು ಡಿಕ್ಕಿ ಹೊಡೆಯುತ್ತಾನೆ. ಇಂಥ ಓಟದಲ್ಲಿ ಮಕ್ಕಳು ಬೀಳುವುದು ಹೆಚ್ಚಾಗಿ ಮೂಲೆಯಲ್ಲೇ. ಒಳಗೆರೆಯ ಪ್ರತಿ ಮೂಲೆಯಲ್ಲೂ ಎರಡೂ ಬದಿಯ ಗೆರೆಯಿಂದ 3 ಮೀಟರ್ ಒಳಗೆ ಒಂದು ಗೂಟ ನೆಟ್ಟು, 3 ಮೀಟರ್ ಹಗ್ಗ ಕಟ್ಟಿ, ಕಾಲು ವೃತ್ತ ಎಳೆಯಿರಿ. 6 ಮೀಟರಿನ ಮೂಲೆ 4.7 ಮೀಟರಿನ ತಿರುವಾಗುತ್ತದೆ. ನಾಲ್ಕು ಮೂಲೆ ಸೇರಿ 5 ಮೀಟರ್ ಕಳೆದು ಒಂದು ಸುತ್ತು 75 ಮೀಟರ್ ಆಯಿತು. 8 ಸುತ್ತಿಗೆ ಸರಿಯಾಗಿ 600 ಮೀಟರ್, 21 ಸುತ್ತಿಗೆ ಹೆಚ್ಚೂಕಡಿಮೆ ಒಂದು ಮೈಲಿ. ಅಳತೆಯ ಈ ಕೆಲಸವನ್ನು 7ನೇ ತರಗತಿಗೆ ಬಿಡಿ. ಪರಿಧಿ, ತ್ರಿಜ್ಯ, ಪೈ ಎಲ್ಲ ಅಂಗಳದಲ್ಲೇ ಬರುತ್ತವೆ.

ಗೆರೆಗೆ ಸುಣ್ಣದ ಪುಡಿ ಬೇಡ. ಓಡುವ ಕಾಲಿಗೆ ಅದು ಎದ್ದು ಕಣ್ಣಿಗೆ ಬಿದ್ದರೆ ಕಣ್ಣು ಸುಡುತ್ತದೆ. ರಂಗೋಲಿ ಪುಡಿ ಸಾಕು. ಗೆರೆ ಉಳಿಯಲೆಂದು ಇಟ್ಟಿಗೆ, ಕಲ್ಲು ಹೂಳುವುದಂತೂ ಬೇಡವೇ ಬೇಡ, ಎಡವಿ ಹಲ್ಲು ಮುರಿದುಕೊಳ್ಳುತ್ತಾರೆ. ಮೊದಲ ವಾರ ಎರಡು ಮೂರು ಸಲ ಪುಡಿ ಹಾಕಿ. ಮಕ್ಕಳು ದಿನಾ ಸುತ್ತಿದಂತೆ ನೆಲ ತಾನೇ ಗಟ್ಟಿಯಾಗಿ, ಹೊಲದ ಕಾಲುದಾರಿಯ ಹಾಗೆ ಬಿಳಿಚಿಕೊಂಡ ದಾರಿ ಮೂಡುತ್ತದೆ. ಆಮೇಲೆ ಗೆರೆಯೇ ಬೇಕಾಗುವುದಿಲ್ಲ.

ಓಟ ಶುರುವಾಗುವ ಮುಂಚೆ ಒಂದು ಸಂಜೆ ನೀವೇ ಆ ದಾರಿಯಲ್ಲಿ ನಿಧಾನವಾಗಿ ಒಂದು ಸುತ್ತು ನಡೆಯಿರಿ, ಮಗುವಿನ ಎತ್ತರಕ್ಕೆ ಬಗ್ಗಿ ನೋಡುತ್ತ. ಹೊರಗೆ ತೆರೆಯುವ ಕಿಟಕಿಯ ಬಾಗಿಲು 4ನೇ ತರಗತಿಯ ಮಗುವಿನ ಹಣೆಗೆ ಸರಿಯಾಗಿ ಬರುತ್ತದೆ. ಕೊಕ್ಕೆ ಹಾಕಿಡಿ, ಆ 1 ಮೀಟರ್ ಖಾಲಿ ಬಿಡುವುದು ಇದಕ್ಕೂ ಹೌದು. ಸಂಪಿನ ಮುಚ್ಚಳ ಅಲುಗುತ್ತದೆಯೇ, ನಲ್ಲಿಯ ನೀರು ಹರಿದು ದಾರಿ ಕೆಸರಾಗಿದೆಯೇ, ಕಟ್ಟಡದ ಕೆಲಸದಲ್ಲಿ ಉಳಿದ ಜಲ್ಲಿ ಚೆಲ್ಲಿದೆಯೇ ನೋಡಿ. ಮಳೆಗಾಲ ಮುಗಿದ ಮೇಲೆ ನೆಗ್ಗಿಲುಮುಳ್ಳು ಒಣಗಿ ನೆಲದ ತುಂಬ ಉದುರುತ್ತದೆ. ಕಾಯಿ ಕಟ್ಟುವ ಮೊದಲೇ ಬಳ್ಳಿಯನ್ನು ಬೇರುಸಹಿತ ಕೀಳಿಸಬೇಕು. ಕಾಂಗ್ರೆಸ್ ಕಳೆಯನ್ನೂ ಹೂಬಿಡುವ ಮೊದಲೇ ತೆಗೆಸಿ. ಅದರ ಪರಾಗ ಉಬ್ಬಸದ ಮಕ್ಕಳಿಗೆ ಆಗದು, ಬರಿಗೈಯಲ್ಲಿ ಕಿತ್ತರೆ ತುರಿಕೆಯೂ ಬರುತ್ತದೆ, ಆ ಕೆಲಸಕ್ಕೆ ಮಕ್ಕಳನ್ನು ಹಚ್ಚಬೇಡಿ.

112 ಮಕ್ಕಳನ್ನು ಒಟ್ಟಿಗೆ ಬಿಟ್ಟರೆ 75 ಮೀಟರಿನ ದಾರಿಯಲ್ಲಿ ಜಾತ್ರೆಯಾಗುತ್ತದೆ. ನಲಿ-ಕಲಿ, ಅಂದರೆ 1ರಿಂದ 3ನೇ ತರಗತಿಯ ಮಕ್ಕಳದೊಂದು ಗುಂಪು, 4 ಮತ್ತು 5 ಒಂದು, 6 ಮತ್ತು 7 ಒಂದು, ಹೀಗೆ ಮೂರು ಮಾಡಿ. ಒಂದು ಗುಂಪಿನಲ್ಲಿ 32 ಮಕ್ಕಳಿದ್ದರೆ ತಲೆಗೆ 2 ಮೀಟರಿಗಿಂತ ಹೆಚ್ಚು ಜಾಗ ಸಿಗುತ್ತದೆ. ಆಯಾ ತರಗತಿಯ ಶಿಕ್ಷಕರೇ ತಮ್ಮ ಮಕ್ಕಳನ್ನು ಕರೆತರಲಿ. ನಡೆಯುವವರು ಒಳಗೆರೆ ಹಿಡಿದು ಹೋಗಬೇಕು, ದಾಟುವವರು ಹೊರಗಿನಿಂದ ದಾಟಬೇಕು. ಒಂದು ವಾರ ಎಡಸುತ್ತು ಹೋದರೆ ಮುಂದಿನ ವಾರ ಬಲಸುತ್ತು. ಒಂದೇ ಕಡೆ ತಿರುಗುತ್ತಿದ್ದರೆ ಒಳಗಿನ ಕಾಲಿನ ಕೀಲಿಗೆ ಭಾರ ಬೀಳುತ್ತದೆ.

ಹೊತ್ತು ಆರಿಸುವುದು ನಿಮ್ಮ ಜಿಲ್ಲೆಯಲ್ಲಿ ದೊಡ್ಡ ಪ್ರಶ್ನೆ. ಪ್ರಾರ್ಥನೆ ಮುಗಿದ ಕೂಡಲೇ ಓಡಿಸುವುದು ಸುಲಭ ಅನ್ನಿಸುತ್ತದೆ, ಆದರೆ ನಾಷ್ಟಾ ಮಾಡದೆ ಬಂದ ಮಕ್ಕಳು ಆಗ ಬರಿಹೊಟ್ಟೆಯಲ್ಲಿರುತ್ತಾರೆ. ಬಿಸಿಯೂಟ ಆದ ಮೇಲೆ ಒಂದೂವರೆ ಗಂಟೆ ಓಟ ಬೇಡ, ಹೊಟ್ಟೆ ಹಿಡಿಯುತ್ತದೆ, ವಾಂತಿಯಾಗುತ್ತದೆ. ಹಾಗಾಗಿ ಬೆಳಗಿನ ಹಾಲು ಅಥವಾ ರಾಗಿ ಮಾಲ್ಟ್ ಕೊಟ್ಟ ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಮೊದಲ ಪೀರಿಯಡ್ ಮುಗಿದಾಗ 6–7ನೇ ತರಗತಿ, ಅದರ ಹಿಂದೆಯೇ 4–5ನೇ ತರಗತಿ. ನಲಿ-ಕಲಿ ಮಕ್ಕಳು ಸಂಜೆ, ಕಟ್ಟಡದ ನೆರಳು ಅಂಗಳಕ್ಕೆ ಇಳಿದ ಮೇಲೆ. ಇದು ಜೂನ್‌ನಿಂದ ಫೆಬ್ರವರಿವರೆಗಿನ ಮಾತು. ಮಾರ್ಚ್ ಏಪ್ರಿಲ್‌ನಲ್ಲಿ ಬೆಳಗಿನ ಶಾಲೆ ಇದ್ದರೆ ಮೊದಲ ಪೀರಿಯಡ್‌ಗೇ ತನ್ನಿ, ಹೊಟ್ಟೆಗೆ ಏನಾದರೂ ಹಾಕಿಕೊಂಡಿದ್ದಾರೆಯೇ ಎಂದು ಕೇಳಿಕೊಂಡು. ಗಾಳಿಯಲ್ಲೇ ಬಿಸಿ ಹೊಡೆಯುವ ದಿನ, ನನ್ನ ಮಟ್ಟಿಗೆ 36 ಡಿಗ್ರಿ ದಾಟಿದರೆ, ಓಟ ನಿಲ್ಲಿಸಿ ಬೇವಿನ ಮರದ ನೆರಳಿನಲ್ಲಿ ನಡಿಗೆ ಅಥವಾ ವರಾಂಡದಲ್ಲಿ ಕುಂಟೆಬಿಲ್ಲೆ ಆಡಿಸಿ. ಮಕ್ಕಳು ದೊಡ್ಡವರಿಗಿಂತ ಕಡಿಮೆ ಬೆವರುತ್ತಾರೆ, ಮೈ ಬೇಗ ಕಾಯುತ್ತದೆ. ಓಡುವ ಮೊದಲು ಅರ್ಧ ಲೋಟ, ಓಡಿದ ಮೇಲೆ ಬಾಯಾರಿದಷ್ಟು ನೀರು. ತಲೆನೋವು, ಓಕರಿಕೆ, ತೂರಾಡುವ ಹೆಜ್ಜೆ ಕಂಡರೆ ನೆರಳಿಗೆ ಕರೆದೊಯ್ದು ಬಟ್ಟೆ ಸಡಿಲಿಸಿ, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಬೀಸಿ. ಮಾತು ತಡವರಿಸಿದರೆ ಅಥವಾ ಪ್ರಜ್ಞೆ ಮಂಕಾದರೆ ಬಾಯಿಗೆ ಏನೂ ಹಾಕದೆ, ಮೈ ತಣ್ಣಗೆ ಮಾಡುತ್ತಲೇ 108ಕ್ಕೆ ಕರೆ ಮಾಡಿ.

ಹದಿನೈದೇ ನಿಮಿಷ ಏಕೆಂದರೆ ಅದು ಪೀರಿಯಡ್ಡನ್ನು ತಿನ್ನಬಾರದು. ಬಟ್ಟೆ ಬದಲಿಸುವುದು, ಸಾಲು ಕಟ್ಟುವುದು, ಹಾಜರಿ ಕರೆಯುವುದು ಯಾವುದೂ ಬೇಡ. ಶೂ ವಿಷಯ ಮಾತ್ರ ಗಮನಿಸಿ. ಹವಾಯಿ ಚಪ್ಪಲಿಯಲ್ಲಿ ಓಡುವುದು ಎಲ್ಲಕ್ಕಿಂತ ಕೆಟ್ಟದ್ದು, ಹೆಬ್ಬೆರಳಿನ ಪಟ್ಟಿ ಕಿತ್ತುಬಂದು ಮುಗ್ಗರಿಸುತ್ತಾರೆ. ಮುಳ್ಳು ಕಲ್ಲಿಲ್ಲದ ನೆಲವಾದರೆ ಅದಕ್ಕಿಂತ ಬರಿಗಾಲೇ ಲೇಸು. ಆದರೆ ಅಂಗಳದಲ್ಲಿ ರಾತ್ರಿ ಯಾರೂ ಬಯಲುಶೌಚ ಮಾಡಿರಬಾರದು, ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಶಾಲೆಯಿಂದ ಕೊಟ್ಟ ಶೂ ಇದ್ದರೆ ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಲಿ, ಕಾಲುಚೀಲ ಇರಲಿ. ಮುಂದಿನ ವರ್ಷಕ್ಕೂ ಆಗಲೆಂದು ಎರಡು ಸೈಜ್ ದೊಡ್ಡದು ತೊಟ್ಟವರಿಗೆ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ.

ಮೊದಲ ದಿನ ನೀವು ಕಾಣುವುದು ಇದು: ಸೀಟಿ ಊದಿದ್ದೇ ತಡ ಎಲ್ಲರೂ ಪ್ರಾಣ ಹೋಗುವಂತೆ ಓಡುತ್ತಾರೆ, ಎರಡನೇ ಸುತ್ತಿಗೆ ಸೊಂಟ ಹಿಡಿದು ನಿಲ್ಲುತ್ತಾರೆ, ಮೂರನೆಯದಕ್ಕೆ "ಟೀಚರ್, ಸಾಕು". ಇದು ಸೋಮಾರಿತನವಲ್ಲ, ವೇಗ ಹಂಚಿಕೊಳ್ಳುವುದು ಅವರಿಗೆ ಗೊತ್ತಿಲ್ಲ, ಕಲಿಸಬೇಕು. ಮೊದಲ ವಾರ 15 ನಿಮಿಷವೂ ಬಿರುಸಿನ ನಡಿಗೆ, ಓಟವೇ ಇಲ್ಲ. ಎರಡನೇ ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಐದು ಸಲ. ಮೂರು ಮತ್ತು ನಾಲ್ಕನೇ ವಾರ 2 ನಿಮಿಷ ಓಟ, 1 ನಿಮಿಷ ನಡಿಗೆ. ಐದನೇ ವಾರದಿಂದ ಅವರವರ ಲಯಕ್ಕೆ ಬಿಡಿ. ವೇಗಕ್ಕೆ ಅಳತೆಗೋಲು ಒಂದೇ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುತ್ತ ಓಡಲು ಆಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತು, ಹಾಡು ಹೇಳುವಷ್ಟು ಉಸಿರಿದ್ದರೆ ಕಡಿಮೆಯಾಯಿತು. ಕೊನೆಯ ಒಂದು ಸುತ್ತು ಎಲ್ಲರೂ ನಡೆಯಬೇಕು, ಗಕ್ಕನೆ ನಿಲ್ಲಬಾರದು. ಮೇಲೆ ಹೇಳಿದ ಮೀನಖಂಡದ ಮಾತು ಇಲ್ಲಿಗೂ ಹೊಂದುತ್ತದೆ.

1ರಿಂದ 3ನೇ ತರಗತಿಗೆ ಈ ವಾರಗಳ ಲೆಕ್ಕ ಹಾಕಬೇಡಿ. ಆ ವಯಸ್ಸಿನ ಮಗು ಹತ್ತು ಸೆಕೆಂಡು ಚಿಮ್ಮಿ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಚಿಮ್ಮುತ್ತದೆ. ಅದರ ಮೈ ಇರುವುದೇ ಹಾಗೆ. ಸುತ್ತು ಹೊಡೆಸುವ ಬದಲು ಕೆರೆ-ದಡ, ಮುಟ್ಟಾಟ, ಕಳ್ಳ-ಪೊಲೀಸ್ ಆಡಿಸಿ. ಒಂದೇ ಎಚ್ಚರ, ಔಟಾದವರು ಕೂರುವ ಆಟ ಬೇಡ. ಅಂಥ ಆಟದಲ್ಲಿ ನಿಧಾನದ ಮಗು ಮೊದಲು ಔಟಾಗಿ ಉಳಿದ ಹೊತ್ತೆಲ್ಲ ಕುಳಿತೇ ಇರುತ್ತದೆ, ಅಂದರೆ ಓಟ ಯಾರಿಗೆ ಹೆಚ್ಚು ಬೇಕೋ ಅವರಿಗೇ ಸಿಗುವುದಿಲ್ಲ. ಔಟಾದವರು ಮರ ಮುಟ್ಟಿ ಬಂದು ಮತ್ತೆ ಸೇರಿಕೊಳ್ಳಲಿ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ, ವಾರದಲ್ಲಿ 3 ದಿನವಾದರೂ ಮೂಳೆ-ಸ್ನಾಯು ಗಟ್ಟಿಯಾಗುವಂಥದ್ದು ಬೇಕು ಎನ್ನುತ್ತದೆ. ಹಗ್ಗದಾಟ, ಕುಂಟೆಬಿಲ್ಲೆ, ಖೋ ಖೋ ಆ ಎರಡನೆಯ ಭಾಗವನ್ನು ತುಂಬುತ್ತವೆ. ಹದಿನೈದು ನಿಮಿಷ ಆ ಅರವತ್ತರ ಕಾಲುಭಾಗ ಮಾತ್ರ ಎಂಬುದು ನೆನಪಿರಲಿ.

ಓಟವನ್ನು ಎಂದೂ ಶಿಕ್ಷೆಯಾಗಿ ಬಳಸಬೇಡಿ. "ಹೋಂವರ್ಕ್ ಮಾಡಿಲ್ವಾ, ಗ್ರೌಂಡ್ ಹತ್ತು ಸುತ್ತು ಹಾಕು" ಎಂದು ಯಾವ ಶಿಕ್ಷಕರೂ ಇನ್ನು ಮುಂದೆ ಅನ್ನಬಾರದು, ನಾಲ್ವರೂ ಕೂತು ಒಪ್ಪಿಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ ಅನ್ನುವುದೊಂದು ಕಡೆ. ಬೆಳಗ್ಗೆ ಖುಷಿಗೆ ಸುತ್ತಿದ ಅದೇ ದಾರಿಯಲ್ಲಿ ಮಧ್ಯಾಹ್ನ ಅವಮಾನಕ್ಕೆ ಸುತ್ತಿಸಿದರೆ ಮರುದಿನ ಮಗು ಯಾವ ಮನಸ್ಸಿನಿಂದ ಬರುತ್ತದೆ ಅನ್ನುವುದು ನನಗೆ ಅದಕ್ಕಿಂತ ದೊಡ್ಡ ಮಾತು. ಇದರ ಬೆನ್ನಿಗೇ ಇನ್ನೊಂದು: ಸ್ಪರ್ಧೆ ಬೇಡ, ಮೊದಲು ಬಂದವರಿಗೆ ಚಪ್ಪಾಳೆ ಬೇಡ, ಯಾರು ಎಷ್ಟು ಸುತ್ತು ಎಂದು ಬೋರ್ಡಿನ ಮೇಲೆ ಹೆಸರು ಬರೆಯುವುದು ಬೇಡ. ಓಡಬಲ್ಲವರು ಹೇಗೂ ಓಡುತ್ತಾರೆ. ಬೋರ್ಡಿನ ಕೊನೆಯಲ್ಲಿ ಹೆಸರಿರುವ ಮಗು ಮೂರನೇ ದಿನ ಹೊಟ್ಟೆನೋವು ಅನ್ನುತ್ತದೆ.

ಎಣಿಸಲೇಬೇಕೆಂದರೆ ತರಗತಿಯ ಒಟ್ಟು ಎಣಿಸಿ. 32 ಮಕ್ಕಳು ಸರಾಸರಿ 16 ಸುತ್ತು ಹೋದರೆ 32 × 16 × 75, ಅಂದರೆ 38,400 ಮೀಟರ್. ಒಂದೇ ದಿನಕ್ಕೆ 38 ಕಿ.ಮೀ. ದಾಟಿತು! ಗೋಡೆಯ ಮೇಲಿನ ಕರ್ನಾಟಕದ ನಕ್ಷೆಯಲ್ಲಿ ದಿನಾ ಒಂದು ಗುಂಡುಪಿನ್ನು ಮುಂದೆ ಸರಿಸಿ. ರಾಯಚೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ., 11ನೇ ದಿನ ತರಗತಿ ರಾಜಧಾನಿಯಲ್ಲಿರುತ್ತದೆ. ಇಲ್ಲಿ ನಡೆದವರ ಸುತ್ತೂ ಲೆಕ್ಕಕ್ಕೆ ಬರುತ್ತದೆ, ಕಾಲಿಗೆ ಕ್ಯಾಲಿಪರ್ (ಆಸರೆಯ ಪಟ್ಟಿ) ಹಾಕಿದ ಮಗು ಗೆಳೆಯನ ಹೆಗಲು ಹಿಡಿದು ಹಾಕಿದ ಎರಡು ಸುತ್ತೂ ಬರುತ್ತದೆ.

ಉಬ್ಬಸದ ಮಕ್ಕಳನ್ನು ಕೂರಿಸಬೇಡಿ. ಓಟದಿಂದ ಏಳುವ ಉಬ್ಬಸ ಸಾಮಾನ್ಯವಾಗಿ ಐದು ಹತ್ತು ನಿಮಿಷದ ಮೇಲೆ ಅಥವಾ ಓಡಿ ನಿಂತ ಮೇಲೆ ಕಾಣಿಸುತ್ತದೆ. ಅವರಿಗೆ ಮೊದಲ ಐದು ನಿಮಿಷ ನಡಿಗೆ, ಧೂಳೇಳುವ ದಿನ ದಾರಿಗೆ ನೀರು ಚಿಮುಕಿಸಿ, ಮತ್ತು ವೈದ್ಯರು ಇನ್‌ಹೇಲರ್ ಬರೆದುಕೊಟ್ಟಿದ್ದರೆ ಅದು ಮನೆಯ ಕಪಾಟಿನಲ್ಲಲ್ಲ, ಶಾಲೆಯಲ್ಲಿ, ಕೈಗೆಟುಕುವಲ್ಲಿ ಇರಬೇಕು. ಮುಖ ಬಿಳಿಚಿ, ನಾಲ್ಕು ವಾರವಾದರೂ ಒಂದು ಸುತ್ತಿಗೇ ಸುಸ್ತಾಗುವ ಮಗುವಿಗೆ ರಕ್ತಹೀನತೆ ಇರಬಹುದು. 5ರಿಂದ 11 ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11.5 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆಯೇ. ಆರೋಗ್ಯ ಕೇಂದ್ರಕ್ಕೆ ಕಳಿಸಿ. ವಾರದ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನಿಮ್ಮೆದುರೇ ನುಂಗಿಸಿ. ಜಂತುಹುಳು ಮಾತ್ರೆಯ ದಿನ ಗೈರಾದ ಮಕ್ಕಳ ಪಟ್ಟಿ ಇಟ್ಟುಕೊಳ್ಳಿ, ಬಿಟ್ಟುಹೋದವರಿಗೆ ಕೊಡುವ ದಿನ ತಪ್ಪದೆ ಕರೆಸಿ. 9ರಿಂದ 12 ವಯಸ್ಸಿನವರು ಹಿಮ್ಮಡಿ ನೋವು ಅಂದರೆ ಒಂದೆರಡು ವಾರ ನಡಿಗೆ ಮಾತ್ರ. ಬೆಳೆಯುವ ಮೂಳೆಯ ನೋವು ಅದು, ತಡೆದುಕೊಂಡು ಓಡು ಎನ್ನಬೇಡಿ.

6–7ನೇ ತರಗತಿಯ ಹುಡುಗಿಯರು ಮೆಲ್ಲಗೆ ಹಿಂದೆ ಸರಿಯುವುದನ್ನು ನೀವು ನೋಡುತ್ತೀರಿ. ಕಾರಣ ಹೆಚ್ಚಾಗಿ ಬಟ್ಟೆ. ಲಂಗದ ಒಳಗೆ ಮೊಣಕಾಲುದ್ದದ ಚಡ್ಡಿ ಹಾಕಿ ಕಳಿಸಲು ತಾಯಂದಿರಿಗೆ ಹೇಳಿ. ಮುಟ್ಟಿನ ದಿನ ಓಡುವುದು, ಬಿಡುವುದು ಅವಳ ಇಷ್ಟ, ಕಾರಣ ಕೇಳಬಾರದು. ಶೌಚಾಲಯದಲ್ಲಿ ನೀರಿರಲಿ. ಮತ್ತು ಒಬ್ಬ ಶಿಕ್ಷಕಿ ಅವರ ಜೊತೆ ನಡೆಯಲಿ. ಶಿಕ್ಷಕರು ಕುರ್ಚಿ ಹಾಕಿಕೊಂಡು ಕುಳಿತ ಶಾಲೆಯಲ್ಲಿ ಈ ಓಟ ಹೆಚ್ಚು ದಿನ ಉಳಿಯುವುದಿಲ್ಲ.

ಪಾಲಕರ ಮಾತಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಲೆಕ್ಕವನ್ನೇ ಮುಂದಿಡಿ. ವರ್ಷಕ್ಕೆ 200 ದಿನ ಹಿಡಿದರೆ 50 ಗಂಟೆ. ಅದರಲ್ಲಿ ಒಂದು ಪಾಲು ವೇಳಾಪಟ್ಟಿಯಲ್ಲಿ ಆಗಲೇ ಇರುವ, ಆದರೆ ಗಣಿತ, ಇಂಗ್ಲಿಷ್ ಪಾಠಕ್ಕೆ ಹೋಗುತ್ತಿರುವ ಆಟದ ಪೀರಿಯಡ್‌ನದ್ದೇ. ದೈಹಿಕ ಚಟುವಟಿಕೆಗೆ ಕೊಟ್ಟ ಸಮಯದಿಂದ ಅಂಕ ಕಡಿಮೆಯಾಗುವುದಿಲ್ಲ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಂಕ ಹೆಚ್ಚುತ್ತದೆ ಎಂದು ಮಾತ್ರ ಭರವಸೆ ಕೊಡಬೇಡಿ. ಸಭೆ ಮುಗಿದ ಮೇಲೆ ಅವರನ್ನೂ ಮಕ್ಕಳ ಜೊತೆ ನಾಲ್ಕು ಸುತ್ತು ನಡೆಯಲು ಕರೆಯಿರಿ.

ಶುರುಮಾಡುವ ವಾರ 4ನೇ ತರಗತಿಯಿಂದ ಮೇಲಿನವರಿಗೆ 8 ಸುತ್ತಿನ, ಅಂದರೆ 600 ಮೀಟರಿನ ಸಮಯ ಬರೆದಿಡಿ. ಖೇಲೋ ಇಂಡಿಯಾದ ಶಾಲಾ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲೂ ಈ ವಯಸ್ಸಿಗೆ ಇದೇ ದೂರ. ನಡೆದು ಮುಗಿಸಿದರೂ ಸರಿ, ಬರೆದುಕೊಳ್ಳಿ. ಆ ಪುಸ್ತಕ ನಿಮ್ಮ ಬಳಿಯೇ ಇರಲಿ. ಮೂರನೇ ತಿಂಗಳಿಗೆ ಹೊಸತನ ಹೋಗಿ ಮಕ್ಕಳೂ ಶಿಕ್ಷಕರೂ ಬೇಸರಪಡುತ್ತಾರೆ, ಒಂದು ದಿನ ಮಳೆಗೆ ತಪ್ಪುತ್ತದೆ, ಮರುದಿನ ತರಬೇತಿಗೆ ತಪ್ಪುತ್ತದೆ. ಮಳೆಯ ದಿನ ವರಾಂಡದಲ್ಲಿ ನಿಂತಲ್ಲೇ ಜಿಗಿತ, ನಿಂತಲ್ಲೇ ಓಟ ಮಾಡಿಸಿ, ಹೊತ್ತನ್ನು ಮಾತ್ರ ಬಿಡಬೇಡಿ. ಡಿಸೆಂಬರಿನಲ್ಲಿ ಅದೇ 8 ಸುತ್ತು ಮತ್ತೊಮ್ಮೆ ಅಳೆದು, ಪ್ರತಿ ಮಗುವಿಗೂ ಅದರದೇ ಎರಡು ಸಮಯವನ್ನು ಒಂದು ಚೀಟಿಯಲ್ಲಿ ಬರೆದು, ಬೇರೆಯವರಿಗೆ ಕಾಣದಂತೆ ಕೈಗೆ ಕೊಡಿ.